ಸೂರ್ಯ ಮುಳುಗಿದ ಮೇಲಿನ ಬಾವುಟ

ನನಗೆ ನೀರೆಂದರೆ ಭಯ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಿಕ್ಕಂದಿನಲ್ಲಿ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ನಮ್ಮಜ್ಜಿ ನನ್ನ ಜಡೆಯನ್ನು ಕೈಗೆ ಸುತ್ತಿಕೊಂಡು ಒಂದೇ ಒಂದು ಮುಳುಗು ಹಾಕಿಸಿ, ನೀರಿಗೂ ಬೆಂಕಿಗೂ ಸಲಿಗೆ ಕೊಡಬಾರದು ಕಣೇ ಅಂತ ಹೇಳಿ ಮೇಲಕ್ಕೆಳೆಯುತ್ತಿದ್ದಳು. ಆ ಬುದ್ಧಿ ಇವತ್ತಿಗೂ ನನ್ನ ಬಿಟ್ಟಿಲ್ಲ. ಇಂಥವಳು ಒಬ್ಬರು ದೋಣಿಯವರ ಕಥೆ ಬರೆಯಲು ಕೂತಿದ್ದೇನೆಂದರೆ ಅದಕ್ಕೆ ಕಾರಣ ನನ್ನ ಗಂಡ ಗೋಪೀನಾಥ. ಎಲ್ಲರ ಗಂಡಂದಿರೂ ವಾರಾಂತ್ಯಕ್ಕೆ ಹುಲ್ಲು ಕತ್ತರಿಸಿಕೊಂಡು ತೆಪ್ಪಗಿದ್ದರೆ ನಮ್ಮವರಿಗೆ ಮಾತ್ರ ಸಮುದ್ರ ಬೇಕಾಯಿತು.

ದೋಣಿ ಕಾನ್ರಾಡ್ ಅಂಕಲ್ ಅವರದು. ಅವರು ಮಂಗಳೂರಿನ ಬೋಳಾರದವರು, ಮನೆಮಾತು ಕೊಂಕಣಿ. ಹದಿನಾರು ವರ್ಷ ಸರಕು ಹಡಗುಗಳಲ್ಲಿ ದುಡಿದು, ಆಮೇಲೆ ನರ್ಸ್ ಆಗಿದ್ದ ಹೆಂಡತಿ ಡೊರೊಥಿಯ ಹಿಂದೆ ಸಿಡ್ನಿಗೆ ಬಂದವರು. ವೆಸ್ಟ್‌ಮೀಡ್‌ನಲ್ಲಿ ಸ್ಟೇಷನ್ ಹತ್ತಿರ ನಾವು ರೆಂಟಿಗಿದ್ದ ಫ್ಲ್ಯಾಟಿನ ಮೇಲಿನ ಮನೆ ಅವರದು. ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆಗಳನ್ನು ವಾರ್ಡಿನಿಂದ ವಾರ್ಡಿಗೆ ತಳ್ಳುವ ಕೆಲಸ ಮಾಡುತ್ತಿದ್ದರು. ಹಡಗು ಬಿಟ್ಟರೂ ತಳ್ಳೋದು ಬಿಡಲಿಲ್ಲ ನೋಡಿ ಅಂತ ಅವರೇ ತಮಾಷೆ ಮಾಡಿಕೊಳ್ಳುತ್ತಿದ್ದರು.

ನಾವು ಬಂದ ಮೊದಲ ವರ್ಷ, ಒಂದು ಮಧ್ಯಾಹ್ನ, ಒಣಮೆಣಸಿನಕಾಯಿ ಒಗ್ಗರಣೆ ಸೀದು ಮನೆಯೆಲ್ಲ ಹೊಗೆಯಾಗಿ ಅಲಾರಂ ಕೂಗಿಕೊಂಡಿತು. ನಾನು ಹೆದರಿ ಇಲ್ಲಿನ ತುರ್ತು ನಂಬರು ಟ್ರಿಪಲ್ ಜೀರೋಗೆ ಫೋನ್ ಮಾಡಿದೆ. ಎರಡು ಫೈರ್ ಎಂಜಿನ್ ಬಂದವು. ಹೆಲ್ಮೆಟ್ ಹಾಕಿದ ಆರು ಜನ ಆಜಾನುಬಾಹುಗಳು ನನ್ನ ಬಾಣಲೆಯನ್ನು ಸುತ್ತುವರಿದು ನಿಂತರು. ಇಡೀ ಬಿಲ್ಡಿಂಗು ರಸ್ತೆಯಲ್ಲಿ ನಿಂತು ನನ್ನನ್ನು ನೋಡಿತು. ಅವತ್ತು ನನಗೆ ಕೂರಲು ಒಂದು ಕುರ್ಚಿ, ಕುಡಿಯಲು ಒಂದು ಲೋಟ ನೀರು ತಂದುಕೊಟ್ಟವರು ಕಾನ್ರಾಡ್ ಅಂಕಲ್ ಒಬ್ಬರೇ. ಇನ್ನು ಸತ್ತರೂ ಆ ನಂಬರಿಗೆ ಫೋನ್ ಮಾಡುವುದಿಲ್ಲವೆಂದು ಅವರೆದುರಿಗೇ ಆಣೆ ಮಾಡಿದೆ.

ಆಮೇಲೆ ಡೊರೊಥಿಗೆ ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ಆಸ್ಪತ್ರೆ ಕೆಲಸ ಸಿಕ್ಕಿ ಇಬ್ಬರೂ ಅಲ್ಲಿಗೆ ಹೋದರು. ನಾವೂ ಎರಡು ವರ್ಷದ ನಂತರ ಮಗಳ ಸ್ಕೂಲಿಗಾಗಿ ಗ್ಲೆನ್ ವೇವರ್ಲಿಗೆ ಬಂದೆವು. ಅಷ್ಟರಲ್ಲಿ ಕಾನ್ರಾಡ್ ಅಂಕಲ್ ಒಂದು ದೋಣಿ ಕೊಂಡು ಬ್ಲ್ಯಾಕ್ ರಾಕ್ ಹತ್ತಿರದ ಕೊಲ್ಲಿಯಲ್ಲಿ ಕಟ್ಟಿಹಾಕಿದ್ದರು. ಇಪ್ಪತ್ತೆರಡು ಅಡಿಯ ಹಾಯಿದೋಣಿ. ನನ್ನ ಮದುವೆಗಿಂತ ಹಳೆಯದು. ಬಣ್ಣ ಎದ್ದುಹೋಗಿತ್ತು, ಒಳಗಿನ ಸೀಟಿಗೆ ಬೆಡ್‌ಶೀಟ್ ಹೊದಿಸಿದ್ದರು. ಹೆಸರು ಮಾತ್ರ ಊರಿನ ಹೊಳೆಯದು, 'ಗುರುಪುರ'. ಆದರೆ ಅದರ ಹಿಂಬದಿಯ ಕೋಲಿನಲ್ಲಿದ್ದ ಬಾವುಟ ಹೊಚ್ಚಹೊಸದು. ಈ ದೇಶದ ದೋಣಿಗಳು ಹಾರಿಸುವ ಕೆಂಪು ಬಾವುಟ, ಇಸ್ತ್ರಿ ಮಾಡಿದ್ದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದೆ. ಅವರು ನಕ್ಕರು, ಆದರೆ ಬಾವುಟದ ವಿಷಯದಲ್ಲಿ ಅವರಿಗೆ ತಮಾಷೆ ಬೇಕಿರಲಿಲ್ಲ.

ಅವರ ನೇಮ ನಿಷ್ಠೆ ನಮ್ಮೂರಿನ ಅರ್ಚಕರಿಗೂ ಇರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಾವುಟ ಏರಬೇಕು, ಸೂರ್ಯ ಮುಳುಗುವಾಗ ಇಳಿಯಬೇಕು. ದೋಣಿಯ ಹಲಗೆಗೆ ತಾಗಬಾರದು. ಹರಿದದ್ದು ಹಾರಿಸಬಾರದು. ಹಿಂಬದಿಯ ಜಾಗ ದೇಶದ್ದು, ಅಲ್ಲಿ ಬೇರೆ ಯಾವುದೂ ಬರಕೂಡದು. ಇದನ್ನೆಲ್ಲ ಯಾರು ನೋಡುತ್ತಾರೆ, ಪೊಲೀಸರು ಬಂದು ಹಿಡಿಯುತ್ತಾರಾ ಅಂತ ನಾನು ಕೇಳಿದೆ. ಯಾರೂ ಹಿಡಿಯುವುದಿಲ್ಲವಂತೆ. ಅವರು ಮೊದಲ ಹಡಗಿಗೆ ಸೇರಿದಾಗ ಕಾಸರಗೋಡಿನ ಸಾರಂಗ ಒಬ್ಬ, ಅಂದರೆ ಖಲಾಸಿಗಳ ಮೇಸ್ತ್ರಿ, ಅವರಿಗೆ ಒಂದು ಮಾತು ಹೇಳಿದ್ದನಂತೆ. ಅದನ್ನು ನನಗೂ ಹೇಳಿದರು.

"ಸೂರ್ಯ ಮುಳುಗಿದ ಮೇಲೂ ಬಾವುಟ ಮೇಲೆ ಉಂಟಾದ್ರೆ, ಆ ದೋಣಿಯಲ್ಲಿ ಒಂದೋ ಸೋಮಾರಿ ಇದ್ದಾನೆ, ಇಲ್ದಿದ್ರೆ ಯಾರೂ ಇಲ್ಲ."

ಈ ಮಾತನ್ನು ಕೇಳಿಯೇ ಡೊರೊಥಿ ತನ್ನದೊಂದು ಪದ್ಧತಿ ಮಾಡಿಕೊಂಡಿದ್ದಳು. ಗಂಡ ದೋಣಿ ಹತ್ತಿದ ದಿನವೆಲ್ಲ ಸಂಜೆ ಅವಳು ದಡದ ದಿಬ್ಬದ ಮೇಲಿನ ಬೆಂಚಿನಲ್ಲಿ ಜಪಮಾಲೆ, ದುರ್ಬೀನು ಹಿಡಿದು ಕೂರುವಳು. ಸೂರ್ಯ ಮುಳುಗುತ್ತಲೇ ಕೆಂಪು ಬಾವುಟ ಇಳಿಯುವುದನ್ನು ನೋಡುವಳು. ಇಳಿಯಿತೆಂದರೆ ಗಂಡ ಕ್ಷೇಮ. ಜಪಮಾಲೆಯನ್ನು ಪರ್ಸಿಗೆ ಹಾಕಿ, ಮೀನು ಬಿಸಿ ಮಾಡಲು ಮನೆಗೆ ಹೊರಡುವಳು. ಒಂದು ಫೋನ್ ಮಾಡಿದರೆ ಮುಗಿಯುವ ಕೆಲಸಕ್ಕೆ ಇಷ್ಟು ನಾಟಕವಾ ಅಂತ ನಾನು ಅವಳನ್ನು ರೇಗಿಸಿದ್ದು ಒಂದು ಸಲವಲ್ಲ.

ಗೋಪೀನಾಥ ಕಾನ್ರಾಡ್ ಅಂಕಲ್ ಜೊತೆ ದೋಣಿಗೆ ಹೋಗಲು ಶುರು ಮಾಡಿ ಒಂದು ವರ್ಷವಾಗಿತ್ತು. ಈಜು ಬಾರದು, ಆದರೂ ಹೋಗುವ ಚಟ. ಆ ನವೆಂಬರ್ ಒಂದನೇ ತಾರೀಕು ಅವನು ಕೆಲಸಕ್ಕೆ ರಜೆ ಹಾಕಿ, ರಾಜ್ಯೋತ್ಸವಕ್ಕೆ ದೋಣಿಯ ಮೇಲೆ ನಮ್ಮ ಹಳದಿ ಕೆಂಪು ಬಾವುಟ ಹಾರಿಸುತ್ತೇನೆಂದು ಹೊರಟ. ಕೆಂಪು ಬಾವುಟ ತೆಗೆದು ಅಲ್ಲಿ ಕಟ್ಟೋಣವೆಂದನಂತೆ. ಕಾನ್ರಾಡ್ ಅಂಕಲ್ ಒಪ್ಪಲಿಲ್ಲ. ಹಾಯಿಯ ಕಂಬದ ಎಡಗಡೆ ಒಂದು ಸಣ್ಣ ಹಗ್ಗವಿದೆ, ಅದಕ್ಕೆ ಕಟ್ಟು ಎಂದರು. ಕನ್ನಡಮ್ಮನಿಗೆ ಎಡಗಡೆಯಾ ಅಂತ ಇವನಿಗೆ ರೋಷ ಬಂತು. ಬಲಗಡೆ ಹೋದ ದೇಶದ ಮರ್ಯಾದೆಗೆ, ಎಡಗಡೆ ನಮ್ಮ ಮನೆಯವರಿಗೆ, ಹೆಂಡತಿ ಎಡಕ್ಕೆ ತಾನೇ ಕೂರೋದು ಅಂತ ಹೇಳಿ ಅವರು ಇವನನ್ನು ಸಮಾಧಾನ ಮಾಡಿದರು.

ಇವನು ಕಟ್ಟಿದ. ಹೇಗೆ ಕಟ್ಟಿದನೆಂಬುದೇ ಮುಖ್ಯ. ಇವನು ಬೆಳೆದದ್ದು ಬೆಂಗಳೂರಿನ ಹನುಮಂತನಗರದಲ್ಲಿ, ಆಟೋ ಸ್ಟ್ಯಾಂಡಿನ ಎದುರು. ಅಲ್ಲಿ ನವೆಂಬರಿನಲ್ಲಿ ಕಂಬಕ್ಕೇರಿದ ಬಾವುಟ ಮುಂದಿನ ನವೆಂಬರಿನವರೆಗೆ ಇಳಿಯುವುದಿಲ್ಲ. ಮಳೆ ಬಿಸಿಲಿಗೆ ಬಣ್ಣ ಹೋಗಿ ದಾರ ದಾರವಾದರೂ ಅಲ್ಲೇ. ಇಳಿಸುವುದೆಂಬ ಯೋಚನೆಯೇ ನಮ್ಮವರಿಗೆ ಇಲ್ಲ. ಹಾಗಾಗಿ ಇವನು ಒಂದರ ಮೇಲೊಂದು ಐದು ಗಂಟು ಬಿಗಿದು, ಹಲ್ಲಿನಿಂದ ಎಳೆದು, ಬ್ರಹ್ಮಗಂಟು ಹಾಕಿ, ಹಾರಿಸಿದ. ನನಗೆ ಫೋಟೋ ಕಳಿಸಿದ. ಚೆನ್ನಾಗಿಯೇ ಕಾಣುತ್ತಿತ್ತು.

ಅವರಿಬ್ಬರೂ ಹೊರಟಿದ್ದು ಮಧ್ಯಾಹ್ನ ಎರಡಕ್ಕೆ. ಐದರ ಹೊತ್ತಿಗೆ ಡೊರೊಥಿ ನನಗೆ ಫೋನ್ ಮಾಡಿದಳು. ವಾರ್ಡಿನಲ್ಲಿ ಯಾರೋ ರಜೆ ಹಾಕಿ, ಅವಳಿಗೆ ಅರ್ಜೆಂಟಾಗಿ ಡ್ಯೂಟಿ ಬಿದ್ದಿತ್ತು. ಒಂದು ದಿನದ ಮಟ್ಟಿಗೆ ಬೆಂಚಿನಲ್ಲಿ ನೀನು ಕೂರುತ್ತೀಯಾ ಎಂದಳು. ಕಾನ್ರಾಡ್‌ಗೂ ಫೋನ್ ಮಾಡಿ ಹೇಳಿದ್ದೇನೆ ಎಂದಳು. ಇಲ್ಲವೆನ್ನಲು ಬಾಯಿ ಬರಲಿಲ್ಲ. ನಾನು ಹೋದಾಗ ದುರ್ಬೀನನ್ನು ನನ್ನ ಕೊರಳಿಗೆ ಹಾಕಿ, ಮಗುವಿಗೆ ಹೇಳುವಂತೆ ಹೇಳಿದಳು.

"ಸೂರ್ಯಾಸ್ತ ಏಳು ಐವತ್ತಮೂರಕ್ಕೆ. ಹಿಂದಿನ ಕೆಂಪು ಬಾವುಟ ಇಳಿಯಿತಾ ಅಂತ ಮಾತ್ರ ನೋಡು ಉಷಾ. ಅದು ಇಳಿದ್ರೆ ನೀನು ಮನೆಗೆ ಹೋಗು."

ಏಳು ಗಂಟೆಗೆ ದೋಣಿ ಬಂದು ದಡದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ, ಎಂದಿನ ಜಾಗದಲ್ಲಿ ಕಟ್ಟಿಕೊಂಡಿತು. ದುರ್ಬೀನಿನಲ್ಲಿ ನೋಡಿದೆ. ಕಾನ್ರಾಡ್ ಅಂಕಲ್ ಟೋಪಿ, ನಮ್ಮವನ ಬೋಳುತಲೆ, ಎರಡೂ ಕಂಡವು. ಬಡಗಣ ಗಾಳಿ ಜೋರಾಗಿ ಬೀಸುತ್ತಿತ್ತು. ಕೆಂಪು ಬಾವುಟವೂ ಕನ್ನಡ ಬಾವುಟವೂ ಪಟಪಟ ಹೊಡೆದುಕೊಳ್ಳುತ್ತಿದ್ದವು. ಕೆಲಸದ ದಿನವಾದ್ದರಿಂದ ದಡದಲ್ಲಿ ಯಾರೂ ಇರಲಿಲ್ಲ. ಸರಿ, ಇನ್ನೇನು ಬಂದರು, ಅಂದುಕೊಂಡು ಫೋನ್ ತೆಗೆದೆ. ವಾಟ್ಸಾಪಿನಲ್ಲಿ ನಮ್ಮ ಅತ್ತಿಗೆಯರ ಜಗಳ ಒಳ್ಳೆಯ ಘಟ್ಟಕ್ಕೆ ಬಂದಿತ್ತು. ನಾನೂ ಎರಡು ಮಾತು ಸೇರಿಸಿದೆ.

ತಲೆಯೆತ್ತಿದಾಗ ಸೂರ್ಯ ಇರಲಿಲ್ಲ. ಗಂಟೆ ನೋಡಿದೆ, ಎಂಟು ಐದು. ಗಡಬಡಿಸಿ ದುರ್ಬೀನು ಎತ್ತಿದೆ. ಎರಡು ಬಾವುಟಗಳೂ ಮೇಲೇ ಇದ್ದವು.

ಮೊದಲು ಬಂದದ್ದು ಸಿಟ್ಟು. ಈ ಗೋಪೀನಾಥನ ಸಹವಾಸದಿಂದ ಕಾನ್ರಾಡ್ ಅಂಕಲೂ ಕೆಟ್ಟರು ಅಂದುಕೊಂಡೆ. ಇಬ್ಬರೂ ಒಳಗೆ ಕೂತು ರಾಜ್ಯೋತ್ಸವದ ಹೆಸರಿನಲ್ಲಿ ಬಾಟಲಿ ತೆಗೆದಿರಬೇಕು. ದೋಣಿಯ ಉದ್ದಕ್ಕೂ ಕಣ್ಣು ಹಾಯಿಸಿದೆ. ಯಾರೂ ಕಾಣಲಿಲ್ಲ. ದಡಕ್ಕೆ ಹುಟ್ಟು ಹಾಕಿಕೊಂಡು ಬರುವ ಪುಟ್ಟ ದೋಣಿ ಹಿಂದುಗಡೆ ಕಟ್ಟಿದ ಹಾಗೇ ಅಲುಗಾಡುತ್ತಿತ್ತು. ಗಂಡನಿಗೆ ಫೋನ್ ಮಾಡಿದೆ. ರಿಂಗಾಯಿತು, ರಿಂಗಾಯಿತು, ನಿಂತಿತು. ಕಾನ್ರಾಡ್ ಅಂಕಲ್‌ಗೆ ಮಾಡಿದೆ. ಅದೂ ಹಾಗೇ. ಡೊರೊಥಿಗೆ ಮಾಡಿದೆ. ಡ್ಯೂಟಿಯಲ್ಲಿ ಅವಳು ಫೋನ್ ಲಾಕರಿನಲ್ಲಿಡುತ್ತಾಳೆಂದು ನನಗೆ ಗೊತ್ತಿತ್ತು, ಆದರೂ ಮೂರು ಸಲ ಮಾಡಿದೆ.

ಕನ್ನಡ ಬಾವುಟ ಇಳಿಯದಿದ್ದರೆ ನನಗೆ ಆಶ್ಚರ್ಯವಿರಲಿಲ್ಲ. ಅದನ್ನು ಕಟ್ಟಿದವನು ಯಾರೆಂದು ಗೊತ್ತಿತ್ತಲ್ಲ. ಆದರೆ ಕೆಂಪು ಬಾವುಟ? ಜ್ವರ ಬಂದು ನಡುಗುತ್ತಿದ್ದ ದಿನವೂ ಅದನ್ನು ಇಳಿಸಿ, ನಾಲ್ಕು ಮಡಿಕೆ ಮಾಡಿ, ಎದೆಗವಚಿಕೊಂಡು ಒಳಗಿಟ್ಟ ಮನುಷ್ಯ ಅವರು. ಆಗ ಸಾರಂಗನ ಮಾತು ನೆನಪಾಯಿತು. ಕಾನ್ರಾಡ್ ಅಂಕಲ್ ಸೋಮಾರಿಯಲ್ಲ. ಹಾಗಾದರೆ ಯಾರೂ ಇಲ್ಲ.

ಫೋನ್ ಮಾಡಬೇಕು. ಆದರೆ ಏನಂತ? ಬಾವುಟ ಇಳಿಸಿಲ್ಲ, ಪೊಲೀಸರನ್ನು ಕಳಿಸಿ ಅಂತಲಾ? ಇಲ್ಲೇ ನೆಲೆಸಲು ಹಾಕಿದ್ದ ನಮ್ಮ ಪಿಆರ್ ಅರ್ಜಿ ಆಗ ಇನ್ನೂ ಆಫೀಸಿನಲ್ಲಿ ಕೂತಿತ್ತು. ಸುಳ್ಳು ಕರೆ ಮಾಡಿದವಳೆಂದು ಎಲ್ಲಾದರೂ ಬರೆದಿಟ್ಟರೆ? ಆ ಆರು ಹೆಲ್ಮೆಟ್ಟುಗಳು, ಆ ಬಾಣಲೆ, ಆ ರಸ್ತೆ ಎಲ್ಲ ಕಣ್ಣ ಮುಂದೆ ಬಂದವು. ಇನ್ನೈದು ನಿಮಿಷ ನೋಡೋಣ ಅಂದುಕೊಂಡೆ. ಐದು ನಿಮಿಷ ಬೆಂಚಿನ ಮುಂದೆ ಹಿಂದಕ್ಕೂ ಮುಂದಕ್ಕೂ ಓಡಾಡಿದೆ. ರಾಯರೇ, ಒಂದು ತಲೆ ತೋರಿಸಿ ಸಾಕು, ಯಾರದಾದರೂ ಸರಿ ಅಂತ ಬೇಡಿಕೊಂಡೆ. ಬೆಳಕು ಕಂತುತ್ತಾ ಬಂತು. ಇನ್ನು ಸ್ವಲ್ಪ ಹೊತ್ತಿಗೆ ಬಾವುಟ ಇದೆಯೋ ಇಲ್ಲವೋ ಎಂಬುದೂ ಕಾಣದು ಎಂದು ಹೊಳೆದ ಕೂಡಲೇ ನನ್ನ ಬೆರಳು ತಾನಾಗಿ ಮೂರು ಸೊನ್ನೆ ಒತ್ತಿತು.

ಆ ಕಡೆಯ ಹುಡುಗಿ ಪೊಲೀಸಾ, ಫೈರಾ, ಆಂಬುಲೆನ್ಸಾ ಅಂತ ಕೇಳಿದಳು. ನನ್ನ ಇಪ್ಪತ್ತು ವರ್ಷದ ಇಂಗ್ಲಿಷ್ ಎಲ್ಲಿ ಹೋಯಿತೋ ದೇವರೇ ಬಲ್ಲ. ದೋಣಿಯಲ್ಲಿ ಬಾವುಟ ಇನ್ನೂ ಮೇಲಿದೆ ಅಂತ ಅಂದೆ. ಅಪಾಯ ಏನು ಮೇಡಂ ಎಂದಳು. ಬಾವುಟ ಮೇಲಿದೆ, ಸೂರ್ಯ ಮುಳುಗಿ ಆಗಿದೆ, ಅವರು ಇಳಿಸಿಲ್ಲ ಅಂತ ಮತ್ತೆ ಅಂದೆ. ಅವಳು ಸಮಾಧಾನದಿಂದ ಜಾಗ ಕೇಳಿ, ದೋಣಿಯಲ್ಲಿ ಎಷ್ಟು ಜನ ಅಂತ ಕೇಳಿ, ನೀರಿನ ಪೊಲೀಸರಿಗೆ ತಿಳಿಸುತ್ತೇನೆ ಅಂದಳು. ಎಷ್ಟು ಹೊತ್ತಾಗಬಹುದೆಂದು ಅವಳು ಹೇಳಲಿಲ್ಲ. ಫೋನ್ ಕಿವಿಗಿಟ್ಟುಕೊಂಡೇ ನಾನು ದಿಬ್ಬದ ಮೆಟ್ಟಿಲು ಇಳಿದು ಓಡಿದೆ.

ಕೆಳಗೆ ದೋಣಿ ಕ್ಲಬ್ಬಿನ ಎದುರು ನರೆಗೂದಲಿನ ಹೆಂಗಸೊಬ್ಬಳು ಪೈಪು ಹಿಡಿದು ಒಂದು ರಬ್ಬರ್ ದೋಣಿ ತೊಳೆಯುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಕೈ ತೋರಿಸಿ, ಕಾನ್ರಾಡ್, ಅವರ ಬಾವುಟ, ಅಂದೆ ಅಷ್ಟೇ. ಅವಳು ತಿರುಗಿ ನೋಡಿದಳು. ಎರಡನೇ ಪ್ರಶ್ನೆ ಕೇಳಲಿಲ್ಲ. ಪೈಪನ್ನು ನೆಲಕ್ಕೆ ಬಿಸಾಡಿ, ರಬ್ಬರ್ ದೋಣಿಯನ್ನು ನೀರಿಗೆ ತಳ್ಳಿ, ಒಂದು ಲೈಫ್ ಜಾಕೆಟ್ ನನ್ನ ಎದೆಗೆ ಎಸೆದು, ಹತ್ತು, ಇನ್ನೆರಡು ಕೈ ಬೇಕಾಗುತ್ತವೆ ಅಂದಳು.

ನಾನು ಹತ್ತಿದೆ. ಹೇಗೆ ಹತ್ತಿದೆನೋ ಗೊತ್ತಿಲ್ಲ. ನೀರು ಮುಖಕ್ಕೆ ಎರಚುತ್ತಿತ್ತು. ಕಣ್ಣು ಮುಚ್ಚಿಕೊಂಡರೆ ಅಜ್ಜಿಯ ಕೈಯಿಲ್ಲದೆ ಮುಳುಗುತ್ತಿರುವ ಹಾಗಾಗುತ್ತಿತ್ತು, ತೆರೆದರೆ ಆ ಎರಡು ಬಾವುಟಗಳು. ಹತ್ತಿರ ಹೋದಂತೆ ನನಗೆ ಅಲ್ಲಿಗೆ ತಲುಪುವುದೇ ಬೇಡವಾಯಿತು. ಖಾಲಿ ದೋಣಿಯನ್ನು ನೋಡುವ ಧೈರ್ಯ ನನಗಿರಲಿಲ್ಲ.

ದೋಣಿಯನ್ನು ಸುತ್ತಿಕೊಂಡು ಆಚೆ ಬದಿಗೆ, ದಡಕ್ಕೆ ಕಾಣದ ಎಡಬದಿಗೆ ಹೋದೆವು. ಅಲ್ಲಿ ಕಾನ್ರಾಡ್ ಅಂಕಲ್ ಹಲಗೆಯ ಮೇಲೆ ಬೋರಲು ಮಲಗಿ, ಅಂಚಿನ ತಂತಿಯ ಕೆಳಗಿನಿಂದ ಎರಡು ಕೈಗಳನ್ನೂ ಹೊರಗೆ ಚಾಚಿದ್ದರು. ಆ ಕೈಗಳ ತುದಿಯಲ್ಲಿ ನನ್ನ ಗಂಡನ ಕಾಲರು ಇತ್ತು. ಕಾಲರಿನ ಕೆಳಗೆ ನನ್ನ ಗಂಡ ಕತ್ತಿನವರೆಗೆ ನೀರಿನಲ್ಲಿದ್ದ. ತುಟಿ ನೇರಳೆಹಣ್ಣು ತಿಂದ ಬಣ್ಣ. ಕಣ್ಣು ಬಿಟ್ಟಿದ್ದ, ಆದರೆ ನನ್ನನ್ನು ನೋಡಿದರೂ ಗುರುತು ಹಿಡಿಯಲಿಲ್ಲ. ಕಾನ್ರಾಡ್ ಅಂಕಲ್ ಬಾಯಿ ಒಂದೇ ಸಮ ಅಲ್ಲಾಡುತ್ತಿತ್ತು. ಕೊಂಕಣಿಯಲ್ಲಿ ಮರಿಯಮ್ಮನವರ ಪ್ರಾರ್ಥನೆ.

ಆ ಹೆಂಗಸು ಇವನ ಕಂಕುಳಿಗೆ ಪಟ್ಟಿ ಹಾಕಿದಳು. ನಾನು ಬೆಲ್ಟು ಹಿಡಿದೆ. ಇಬ್ಬರೂ ಎಳೆದೆವು. ನೆನೆದ ಹಾಸಿಗೆಯಂತೆ ಭಾರವಾಗಿದ್ದ. ಮೂರನೇ ಸಲಕ್ಕೆ ರಬ್ಬರ್ ದೋಣಿಯೊಳಗೆ ನನ್ನ ಮೇಲೆಯೇ ಬಿದ್ದ. ಆದರೆ ಕಾನ್ರಾಡ್ ಅಂಕಲ್ ಇನ್ನೂ ಕಾಲರು ಬಿಟ್ಟಿರಲಿಲ್ಲ. ಬಿಡಿ ಅಂಕಲ್, ನಾನು ಹಿಡಿದಿದ್ದೀನಿ ಅಂದೆ. ಬಿಡಲು ಅವರ ಕೈಗೆ ಬರುತ್ತಿರಲಿಲ್ಲ. ಅವಳು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಅಷ್ಟರಲ್ಲಿ ಪೊಲೀಸರ ದೋಣಿಯ ನೀಲಿ ದೀಪ ಕಂಡಿತು. ಕಾನ್ರಾಡ್ ಅಂಕಲ್ ಕತ್ತು ಹೊರಳಿಸಿ ಮೊದಲು ಹಿಂಬದಿಗೆ, ಆಮೇಲೆ ನನ್ನ ಕಡೆ ನೋಡಿದರು.

"ಬಾವುಟ ಇಳಿಸು ಮಾರಾಯ್ತಿ. ನನ್ನ ಕೈ ಬರೋದಿಲ್ಲ. ಹಲಗೆಗೆ ತಾಗಿಸ್ಬೇಡ."

ಬೇರೆ ದಿನವಾಗಿದ್ದರೆ ಇದೆಂಥ ಹುಚ್ಚು ಅಂತ ಬಯ್ಯುತ್ತಿದ್ದೆ. ಅವತ್ತು ಪೊಲೀಸರು ಗೋಪೀನಾಥನನ್ನು ಕಂಬಳಿಯಲ್ಲಿ ಸುತ್ತುತ್ತಿದ್ದಾಗ, ನಾನು ದೋಣಿ ಹತ್ತಿ ಅಂಬೆಗಾಲಿಕ್ಕಿಕೊಂಡು ಹೋಗಿ ಕೆಂಪು ಬಾವುಟ ಇಳಿಸಿ ಎದೆಗವಚಿಕೊಂಡೆ. ಕನ್ನಡ ಬಾವುಟ ಎಳೆದರೂ ಇಳಿಯಲಿಲ್ಲ. ಆ ಹೆಂಗಸಿನ ಚಾಕು ಇಸಿದುಕೊಂಡು ಹಗ್ಗ ಕತ್ತರಿಸಿದೆ.

ನಡೆದದ್ದು ಆಮೇಲೆ ಆಸ್ಪತ್ರೆಯಲ್ಲಿ ತಿಳಿಯಿತು. ಸೂರ್ಯಾಸ್ತಕ್ಕೆ ಮೊದಲು ಕನ್ನಡ ಬಾವುಟವನ್ನೂ ಇಳಿಸಬೇಕೆಂದು ಕಾನ್ರಾಡ್ ಅಂಕಲ್ ಹೇಳಿದ್ದರು. ಐದು ಗಂಟುಗಳು ಕಂಬದ ಮೇಲಿನ ಬಳೆಯಲ್ಲಿ ಸಿಕ್ಕಿಕೊಂಡು ಬಾವುಟ ಇಳಿಯಲಿಲ್ಲ. ಕಟ್ಟಿದವನೇ ಬಿಚ್ಚುತ್ತೇನೆಂದು ಇವನು ಲೈಫ್ ಜಾಕೆಟ್ ಕಳಚಿಟ್ಟು, ಅಂಚಿನ ತಂತಿಯ ಮೇಲೆ ಕಾಲಿಟ್ಟು ಮೇಲಕ್ಕೆ ಕೈ ಚಾಚಿದ, ಜಾರಿದ. ಅರವತ್ತಮೂರು ವರ್ಷದ ಮನುಷ್ಯನಿಗೆ ಎಂಬತ್ತೈದು ಕಿಲೋ ಎತ್ತಲಾಗಲಿಲ್ಲ. ಒಂದು ಕೈ ಬಿಟ್ಟು ಹಗ್ಗಕ್ಕೆ ಚಾಚಿದರೆ ಇವನು ಮುಳುಗುತ್ತಿದ್ದ. ರೇಡಿಯೋ, ಫೋನು ಎಲ್ಲ ಒಳಗೆ. ಕೂಗಿದರೆ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತಿತ್ತು. ನಲವತ್ತು ನಿಮಿಷ ಹಾಗೇ ಹಿಡಿದುಕೊಂಡಿದ್ದರು. ಅವರ ಬಲಭುಜದ ಒಳಗೆ ಏನೇನೋ ಹರಿದುಹೋಗಿತ್ತು.

ಗೋಪೀನಾಥ ಚೇತರಿಸಿಕೊಂಡ ಮೇಲೆ ಆಡಿದ ಮೊದಲ ಮಾತು ಡೊರೊಥಿ ಆಂಟಿ ನೋಡಿದ್ರಲ್ಲ, ಅದಕ್ಕೇ ಬದುಕಿದೆ ಎಂದು. ನೀರಿನಲ್ಲಿ ಸಾಕಾಗಿ ಎರಡು ಸಲ ಬಿಟ್ಟುಬಿಡಿ ಅಂಕಲ್ ಅಂದನಂತೆ. ಕೆಂಪು ಬಾವುಟ ಮೇಲೇ ಉಂಟು, ಡೊರೊಥಿ ನೋಡ್ತಾ ಇದ್ದಾಳೆ, ಅವಳು ಒಂದು ದಿನವೂ ತಪ್ಪಿಸಿದವಳಲ್ಲ ಅಂತ ಅವರು ಹೇಳುತ್ತಲೇ ಇದ್ದರಂತೆ. ಬೆಂಚಿನಲ್ಲಿ ಕೂತಿದ್ದವಳು ನಾನೆಂದು ಇವನಿಗೆ ಗೊತ್ತೇ ಇರಲಿಲ್ಲ.

ಕಾನ್ರಾಡ್ ಅಂಕಲ್‌ಗೆ ಗೊತ್ತಿತ್ತು. ಮೂರು ದಿನದ ನಂತರ, ಅವರ ಹಾಸಿಗೆಯ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದಾಗ ನಾನು ಕೇಳಿದೆ. ಡ್ಯೂಟಿ ವಿಷಯ ಡೊರೊಥಿ ನಿಮಗೆ ಫೋನ್ ಮಾಡಿದ್ದಳಲ್ಲ, ಹಾಗಾದರೆ ಅವನಿಗೆ ಯಾಕೆ ಸುಳ್ಳು ಹೇಳಿದಿರಿ ಅಂತ. ಅವರು ಎಡಗೈಯಲ್ಲಿ ಒಂದು ತೊಳೆ ತೆಗೆದುಕೊಂಡರು.

"ಬೇಜಾರು ಮಾಡ್ಬೇಡ ಉಷಾ. ದಿಬ್ಬದ ಮೇಲೆ ಕೂತಿರೋದು ನೀನು ಅಂತ ಹೇಳಿದ್ರೆ, ಅವನು ಅಲ್ಲೇ ಕೈ ಬಿಡ್ತಿದ್ದ."

ನನಗೆ ಬೇಜಾರಾಯಿತು. ಆದರೂ ಉಳಿದ ಕಿತ್ತಳೆ ಸುಲಿದು ಅವರ ಕೈಗಿಟ್ಟೆ. ಏಳು ಐವತ್ತಮೂರರಿಂದ ಎಂಟು ಐದರವರೆಗೆ ನಾನು ಅತ್ತಿಗೆಯರ ಜಗಳ ಓದುತ್ತಿದ್ದೆನೆಂದು ಯಾರಿಗೂ ಹೇಳಿಲ್ಲ. ಆ ಹನ್ನೆರಡು ನಿಮಿಷ ಅವರ ಭುಜ ಹರಿಯುತ್ತಿತ್ತು. ಗೋಪೀನಾಥನಿಗೂ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಓದಿಕೊಳ್ಳಲಿ.

ಕಾನ್ರಾಡ್ ಅಂಕಲ್ ಬಲಗೈ ಈಗ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಹಾಸಿಗೆ ತಳ್ಳುವ ಕೆಲಸ ಹೋಯಿತು, ಆಸ್ಪತ್ರೆಯ ವಿಚಾರಣೆಯ ಮೇಜಿನಲ್ಲಿ ಕೂರುತ್ತಾರೆ. ದೋಣಿ ಮಾರಲಿಲ್ಲ. ಎಡಗೈಯಲ್ಲೇ ಬಾವುಟ ಏರಿಸಿ ಇಳಿಸುತ್ತಾರೆ, ಸ್ವಲ್ಪ ನಿಧಾನ. ಡೊರೊಥಿಗೆ ಡ್ಯೂಟಿ ಇದ್ದ ಸಂಜೆ ಬೆಂಚು ನನ್ನದು. ಫೋನನ್ನು ಕಾರಿನಲ್ಲಿಟ್ಟು ಬೀಗ ಹಾಕಿ ಹೋಗುತ್ತೇನೆ. ಸೂರ್ಯ ನೀರಿಗೆ ತಾಗಿದಾಗಿನಿಂದ ಆ ಕೆಂಪು ಬಟ್ಟೆ ಕೆಳಗೆ ಬರುವವರೆಗೆ ನನಗೆ ಉಸಿರಾಡಲು ಭಯ.